ಒಂದೇ ತೂಬಿನ ಎರಡು ಹೊಲ: ಹತ್ತಿಯಲ್ಲಿ ಸಸಿ ಕೀಳುವ ಹೊತ್ತು, ನೀರು ಹಾಯಿಸುವ ಹೊತ್ತು

ಹಿನ್ನೆಲೆ

ಯಾದಗಿರಿ ಜಿಲ್ಲೆಯಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ಅಚ್ಚುಕಟ್ಟಿಗೆ ಸೇರಿದ ಒಂದು ಊರಿನಲ್ಲಿ, ಒಂದೇ ತೂಬಿನಿಂದ ನೀರು ಪಡೆಯುವ ಐದು ಎಕರೆ ಎರೆ (ಕಪ್ಪು ಮಣ್ಣಿನ) ಹೊಲವನ್ನು ಅಣ್ಣತಮ್ಮಂದಿರಿಬ್ಬರು ಸಮನಾಗಿ ಪಾಲು ಮಾಡಿಕೊಂಡು ಸಾಗುವಳಿ ಮಾಡುತ್ತಿದ್ದಾರೆ. ಗುರುತು ಸಿಗಬಾರದೆಂದು ಊರಿನ ಹೆಸರನ್ನೂ ಹಂಗಾಮಿನ ವರ್ಷವನ್ನೂ ಬಿಟ್ಟು, ಅವರನ್ನು ಇಲ್ಲಿ ಅಣ್ಣ, ತಮ್ಮ ಎಂದಷ್ಟೇ ಕರೆಯುತ್ತೇನೆ. ಕೃಷಿ ವಿಸ್ತರಣೆಯ ಕೆಲಸದ ಮೇಲೆ ಆ ಹಂಗಾಮಿನಲ್ಲಿ ನಾನು ಹತ್ತು ಹನ್ನೆರಡು ಸಲ ಆ ಹೊಲಕ್ಕೆ ಹೋಗಿದ್ದೆ. ಅಲ್ಲಿ ನಡೆದದ್ದರಲ್ಲಿ ನನ್ನ ಸಲಹೆಯ ಪಾಲೂ ಇದೆ. ಅದರಲ್ಲಿ ಒಂದು ಸಲಹೆ ತಪ್ಪಾಗಿತ್ತು.

ಈ ಕಾಲುವೆ ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಹತ್ತಿ, ತೊಗರಿ, ಶೇಂಗಾ, ಜೋಳದಂತಹ ಅರೆ ನೀರಾವರಿ ಬೆಳೆಗಳಿಗಾಗಿ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿಕೊಂಡಿರುವುದರಿಂದ ಕೆಳಭಾಗದ ಹೊಲಗಳಿಗೆ ನೀರು ಯಾವಾಗ ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದು ಖಚಿತವಿರುವುದಿಲ್ಲ. ಕಾಲುವೆಗೆ ಚಾಲೂ–ಬಂದ್ ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುತ್ತಾರೆ. ನೀರು ಬಂದಾಗ ಹೊಲಕ್ಕೆ ಬೇಕೋ ಬೇಡವೋ ನೋಡದೆ ಹಾಯಿಸಿಬಿಡುವ ರೂಢಿಯ ಹಿಂದೆ ಇರುವುದು ಈ ಅನಿಶ್ಚಿತತೆಯೇ. ಅದನ್ನು ರೈತರ ದುರಾಸೆ ಎಂದು ಬರೆದವರು ಕಾಲುವೆಯ ತುದಿಯಲ್ಲಿ ನಿಂತು ನೀರಿಗಾಗಿ ಕಾದವರಲ್ಲ.

ಇಬ್ಬರೂ ಒಂದೇ ಅಂಗಡಿಯಿಂದ ಒಂದೇ ಬಿ.ಟಿ. (ಕಾಯಿಕೊರಕ ಹುಳು ತಡೆಯಲೆಂದು ಕುಲಾಂತರಿಸಿದ) ಸಂಕರಣ ತಳಿಯ ಬೀಜ ತಂದಿದ್ದರು. ಮೃಗಶಿರ ಮಳೆಯ ಕೊನೆಯ ಹದಕ್ಕೆ, ಜೂನ್ 20ರಂದು, ನಾಲ್ಕು ಅಡಿ ಸಾಲಿನಲ್ಲಿ ಎರಡು ಅಡಿಗೊಂದರಂತೆ ಗುಣಿ ಹಿಡಿದು ಗುಣಿಗೆ ಎರಡು ಬೀಜ ಊರಿದ್ದರು. ಈ ಅಂತರದಲ್ಲಿ ಎಕರೆಗೆ ಸುಮಾರು 5,400 ಗುಣಿಗಳಾಗುತ್ತವೆ. ಮಣ್ಣು, ಬೀಜ, ಬಿತ್ತನೆ, ತೂಬು ಎಲ್ಲವೂ ಒಂದೇ ಆಗಿದ್ದರಿಂದ ಮುಂದೆ ಕಂಡ ವ್ಯತ್ಯಾಸಕ್ಕೆ ಅರ್ಥ ಬಂದಿದೆ. ಒಂದು ಭೇದವನ್ನು ಮಾತ್ರ ಮೊದಲೇ ಹೇಳಬೇಕು: ಹೊಲ ಉತ್ತರದಿಂದ ದಕ್ಷಿಣಕ್ಕೆ ಇಳಿಜಾರಾಗಿದೆ, ತಮ್ಮನ ಪಾಲು ಕೆಳಗಡೆ ಬಂದಿದೆ.

ಎರಡನೆಯ ಸಸಿಯ ಪ್ರಶ್ನೆ

ಗುಣಿಗೆ ಎರಡು ಬೀಜ ಊರುವುದು ಒಂದು ಹುಸಿ ಹೋದರೆ, ಅಂದರೆ ಮೊಳೆಯದಿದ್ದರೆ, ಇನ್ನೊಂದಿರಲಿ ಎಂಬ ಎಚ್ಚರಿಕೆಯಿಂದ. ಎರಡೂ ಹುಟ್ಟಿದರೆ ಒಂದನ್ನು ತೆಗೆಯಬೇಕು ಎಂಬುದು ಆ ಎಚ್ಚರಿಕೆಯ ಇನ್ನೊಂದು ಅರ್ಧ. ಕೂರಿಗೆಯಿಂದ ದೇಶಿ ಹತ್ತಿಯನ್ನು ಒತ್ತಾಗಿ ಬಿತ್ತುತ್ತಿದ್ದ ಕಾಲದಲ್ಲಿ ಹೆಚ್ಚಿನ ಸಸಿ ಕೀಳುವುದು ಎಡೆ ಹೊಡೆಯುವಷ್ಟೇ ಸಹಜವಾದ ಕೆಲಸವಾಗಿತ್ತು. ಬೀಜ ಅಗ್ಗವಾಗಿತ್ತು, ಮನೆಯದೇ ಆಗಿತ್ತು. ಸಂಕರಣ ತಳಿಗಳು ಬಂದ ಮೇಲೆ, ಅದರಲ್ಲೂ 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ಸಿಕ್ಕ ನಂತರ, ಬೀಜ ಪ್ಯಾಕೆಟ್ಟಿನಲ್ಲಿ, ಪ್ರತಿ ವರ್ಷ ಹೊಸದಾಗಿ, ರೊಕ್ಕ ಕೊಟ್ಟು ತರುವ ವಸ್ತುವಾಯಿತು; ಹುಟ್ಟಿದ ಸಸಿಯನ್ನು ಕಿತ್ತೆಸೆಯಲು ಕೈ ಬಾರದ ಸ್ಥಿತಿಯೂ ಅದರೊಂದಿಗೇ ಬಂತು.

ಜುಲೈ 9 ಮತ್ತು 10ರಂದು, ಬಿತ್ತಿ ಹತ್ತೊಂಬತ್ತು ಇಪ್ಪತ್ತು ದಿನಗಳಾಗಿದ್ದಾಗ, ಪುನರ್ವಸು ಮಳೆ ಸಣ್ಣಗೆ ಬಿದ್ದು ಮಣ್ಣು ಮೆತ್ತಗಿತ್ತು. ಅಣ್ಣನ ಹೆಂಡತಿ ಇನ್ನಿಬ್ಬರು ಹೆಣ್ಣಾಳುಗಳೊಂದಿಗೆ ಸಾಲು ಹಿಡಿದು ಕುಳಿತಳು. ಅವಳ ಕೈಯ ಕೆಲಸವನ್ನು ನಾನು ಹತ್ತಿರ ಕುಳಿತು ನೋಡಿದೆ. ಎರಡು ಸಸಿಗಳ ಬುಡವನ್ನು ಮೊದಲು ಬೆರಳಿಂದ ಬಿಡಿಸಿ ನೋಡುತ್ತಿದ್ದಳು. ನಡುವೆ ಎರಡು ಬೆರಳು ಹಿಡಿಸುವಷ್ಟು ಜಾಗವಿದ್ದರೆ ಉಳಿಸುವ ಸಸಿಯ ಬುಡವನ್ನು ಎಡಗೈಯಿಂದ ಒತ್ತಿ ಹಿಡಿದು ಇನ್ನೊಂದನ್ನು ಕೀಳುತ್ತಿದ್ದಳು, ಎರಡೂ ಅಂಟಿಕೊಂಡಿದ್ದರೆ ಕೀಳದೆ ಉಗುರಿನಿಂದ ನೆಲಮಟ್ಟಕ್ಕೆ ಚಿವುಟಿ ಹಾಕುತ್ತಿದ್ದಳು. ಯಾವುದನ್ನು ಉಳಿಸುವುದು ಎಂದು ಕೇಳಿದ್ದಕ್ಕೆ, ಎತ್ತರದ್ದನ್ನಲ್ಲ, ಬುಡ ದಪ್ಪಗಿರುವುದನ್ನು ಎಂದಳು. ಇದು ಸರಿಯಾದ ಆಯ್ಕೆ, ಏಕೆಂದರೆ ಜೋಡಿಯಲ್ಲಿ ಎತ್ತರವಾದ ಸಸಿ ಅನೇಕ ಸಲ ನೆರಳು ತಪ್ಪಿಸಿಕೊಳ್ಳಲು ಉದ್ದವಾದದ್ದೇ ಹೊರತು ಬಲವಾಗಿ ಬೆಳೆದದ್ದಾಗಿರುವುದಿಲ್ಲ. ಹುಸಿ ಹೋದ ಗುಣಿಗಳನ್ನು ಅವರು ಹತ್ತನೆಯ ದಿನಕ್ಕೇ ಬೀಜ ಊರಿ ತುಂಬಿದ್ದರು.

ತಮ್ಮನಿಗೆ ಅದೇ ವಾರ ನಾನು ಇದೇ ಮಾತು ಹೇಳಿದೆ. ಅವನ ಉತ್ತರ ಈಗಲೂ ನೆನಪಿದೆ: ‘ಎಕರೆಗೆ ಎರಡು ಪಾಕೀಟು ಹಾಕೀವ್ರೀ ಸಾಹೇಬ್ರ. ಬಂದ ಗಿಡ ಕಿತ್ತ ಮ್ಯಾಲ ಉಳದದ್ದು ಸತ್ತರ ಯಾರನ್ನ ಕೇಳಬೇಕು?’ ಈ ಭಯ ಸುಳ್ಳಲ್ಲ. ಆ ಭಾಗದಲ್ಲಿ ಜುಲೈ ನಡುವೆ ಮಳೆ ಕೈಕೊಟ್ಟು ಸಸಿ ಒಣಗುವುದನ್ನು ಅವನು ಕಂಡಿದ್ದಾನೆ. ಕೂಲಿಯ ಖರ್ಚಿನ ಲೆಕ್ಕವನ್ನೂ ಅವನು ಹಾಕಿದ್ದ. ಹೀಗೆ ಅವನ ಎರಡೂವರೆ ಎಕರೆಯಲ್ಲಿ ಜೋಡಿ ಗಿಡಗಳು ಉಳಿದವು, ಮೂವತ್ತನೆಯ ದಿನದ ಯೂರಿಯಾ ಮೇಲುಗೊಬ್ಬರವನ್ನೂ ಅವೆರಡು ಹಂಚಿಕೊಂಡವು.

ನಲವತ್ತನೆಯ ದಿನ ಎರಡೂ ಹೊಲಗಳನ್ನು ಬದುವಿನ ಮೇಲೆ ನಿಂತು ನೋಡಿದವರು ತಮ್ಮನದೇ ಚೆಂದವೆನ್ನುತ್ತಿದ್ದರು. ಸಾಲು ತುಂಬಿತ್ತು, ಗಿಡ ಎತ್ತರವಿತ್ತು. ಬಾಗಿ ನೋಡಿದಾಗ ಬೇರೆಯೇ ಕಾಣುತ್ತಿತ್ತು. ಅಣ್ಣನ ಗಿಡಗಳಲ್ಲಿ ಆರನೆಯ ಏಳನೆಯ ಗಿಣ್ಣಿನಿಂದಲೇ ಕಾಯಿ ಕಟ್ಟುವ ರೆಂಬೆ ಹೊರಟು ಕಡಲೆಕಾಳಿನ ಗಾತ್ರದ ಹೂಮೊಗ್ಗು ಮೂಡಿದ್ದವು. ತಮ್ಮನ ಜೋಡಿ ಗಿಡಗಳಲ್ಲಿ ಗಿಣ್ಣುಗಳ ನಡುವಿನ ಅಂತರ ಉದ್ದವಾಗಿ, ಮೊದಲ ಮೊಗ್ಗು ಒಂಬತ್ತು ಹತ್ತನೆಯ ಗಿಣ್ಣಿಗೆ ಏರಿತ್ತು. ಕೆಳಗಿನ ಎರಡು ಮೂರು ರೆಂಬೆಗಳ ಕಾಯಿಯೇ ಮೊದಲ ಬಿಡಿಸುವಿಕೆಯ ತೂಕವಾದ್ದರಿಂದ ಈ ವ್ಯತ್ಯಾಸ ಸಣ್ಣದೇನಲ್ಲ.

ಕಾಲುವೆಗೆ ನೀರು ಬಂದ ದಿನ

ಆಗಸ್ಟ್ 1ರಂದು ತೂಬಿಗೆ ನೀರು ಬಂತು. ಆಗ ಬೆಳೆಗೆ ನಲವತ್ತೆರಡು ದಿನ. ಪುಷ್ಯ ಮಳೆ ಸರಿಯಾಗಿ ಬಿದ್ದಿರಲಿಲ್ಲ, ಮೇಲ್ಮಣ್ಣು ಬಿರಿಯತೊಡಗಿತ್ತು. ಈ ಪ್ರಕರಣದ ಮೊದಲ ದೊಡ್ಡ ತಿರುವು ಅಲ್ಲೇ ಇದೆ.

ಅಣ್ಣ ಹಾರೆ ತಂದು ಸಾಲಿನ ಮಧ್ಯೆ ಒಂದು ಅಡಿ ಆಳ ಅಗೆದ. ಕೆಳಗಿನ ಮಣ್ಣನ್ನು ಹಿಡಿದು ಹಿಸುಕಿದಾಗ ಉಂಡೆ ಕಟ್ಟಿತು, ಅಂಗೈಯಲ್ಲಿ ತೇವದ ಗುರುತು ಉಳಿಯಿತು. ಮೇಲಿನ ನಾಲ್ಕು ಬೆರಳು ಮಾತ್ರ ಒಣಗಿದೆ, ಬೇರಿನ ಮಟ್ಟದಲ್ಲಿ ಹಸಿ ಇದೆ ಎಂದು ಅವನು ತೀರ್ಮಾನಿಸಿದ. ಗಿಡಗಳ ಎಲೆ ಮಧ್ಯಾಹ್ನ ಸ್ವಲ್ಪ ಜೋತರೂ ಸಂಜೆಗೆ ನಿಗುರುತ್ತಿದ್ದವು. ಹತ್ತಿ ಸಸಿ ಮೊದಲ ತಿಂಗಳಲ್ಲಿ ಮೇಲೆ ಬೆಳೆಯುವುದಕ್ಕಿಂತ ಹೆಚ್ಚಾಗಿ ತಾಯಿಬೇರನ್ನು ಕೆಳಗಿಳಿಸುತ್ತದೆ. ಆ ಹೊತ್ತಿನಲ್ಲಿ ಮೇಲ್ಮಣ್ಣನ್ನು ತೋಯಿಸುತ್ತ ಹೋದರೆ ಬೇರು ಮೇಲೆಯೇ ಹರಡಿ, ಮುಂದೆ ಕಾಯಿ ಕಟ್ಟುವ ಕಾಲದಲ್ಲಿ ನೀರು ಎರಡು ದಿನ ತಡವಾದರೂ ತಾಳದಂತಾಗುತ್ತದೆ. ಅಣ್ಣ ನೀರು ಬಿಡಲಿಲ್ಲ. ಬದಲಿಗೆ ಎಡೆ ಹೊಡೆದು ಬಿರುಕು ಮುಚ್ಚಿದ, ಹೊಲದ ಕೆಳತುದಿಯಲ್ಲಿ ಒಂದು ಬಸಿಗಾಲುವೆ ತೆಗೆದ.

ತಮ್ಮ ಅಂದೇ ರಾತ್ರಿ ನೀರು ಬಿಟ್ಟ. ಕಾಲುವೆಯ ನೀರು ಹಂಚುವ ನೀರಗಂಟಿ ಮುಂದಿನ ಸರದಿಯ ಬಗ್ಗೆ ಖಾತ್ರಿ ಕೊಟ್ಟಿರಲಿಲ್ಲ. ಎರಡು ದಿನ ಪ್ರತಿ ಸಾಲಿನಲ್ಲೂ ತುಂಬ ನೀರು ಹರಿಯಿತು. ಅವನ ನಿರ್ಧಾರ ಅವನಿದ್ದ ಸ್ಥಿತಿಯಲ್ಲಿ ತರ್ಕಬದ್ಧವೇ ಆಗಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಆಗಸ್ಟ್ 8 ಮತ್ತು 9ರಂದು ಆಶ್ಲೇಷ ಮಳೆ ಎರಡು ದಿನ ಬಿಡದೆ ಸುರಿಯಿತು. ಅಣ್ಣನ ಎರೆ ಮಣ್ಣು ಆ ಮಳೆಯನ್ನು ಕುಡಿಯಲು ಹಸಿದಿತ್ತು, ಮಿಕ್ಕದ್ದು ಬಸಿಗಾಲುವೆಗೆ ಇಳಿಯಿತು. ತಮ್ಮನ ಮಣ್ಣಿನಲ್ಲಿ ಜಾಗವೇ ಉಳಿದಿರಲಿಲ್ಲ. ಕೆಳಗಿನ ಒಂದೂವರೆ ಎಕರೆಯಲ್ಲಿ ನಾಲ್ಕು ದಿನ ನೀರು ನಿಂತಿತು.

ಉದುರಿದ ಮೊಗ್ಗುಗಳು

ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಬೇರು ಉಸಿರಾಡದಿದ್ದರೆ ಸುತ್ತ ಗೊಬ್ಬರವಿದ್ದರೂ ಎತ್ತಿಕೊಳ್ಳಲಾರದು. ಗಿಡವು ತಾನು ಸಾಕಲಾರದ ಮೊಗ್ಗುಗಳನ್ನು ಮೊದಲು ಬಿಡುತ್ತದೆ. ಆಗಸ್ಟ್ 13ರಂದು ನಾನು ಹೋದಾಗ ತಮ್ಮನ ಹೊಲದ ಕೆಳಭಾಗ ಹಳದಿಗೆ ತಿರುಗಿತ್ತು, ನೆಲದ ಮೇಲೆ ಮೊಗ್ಗುಗಳು ಚೆಲ್ಲಿದ್ದವು. ಕಾಯಿಕೊರಕ ಬಿದ್ದಿದೆ ಎಂದು ಅಂಗಡಿಯವರು ಹೇಳಿದ್ದರಿಂದ ಅವನು ಆಗಲೇ ಒಂದು ಸಲ ಕೀಟನಾಶಕ ಹೊಡೆದಿದ್ದ, ಎರಡನೆಯದನ್ನು ತಂದಿಟ್ಟಿದ್ದ.

ನಾವಿಬ್ಬರೂ ಕುಳಿತು ಹತ್ತು ಗುಣಿಗಳ ಬುಡದಲ್ಲಿ ಬಿದ್ದಿದ್ದ ಮೊಗ್ಗುಗಳನ್ನು ಆಯ್ದು ಟವೆಲಿನ ಮೇಲೆ ಹರವಿದೆವು. ಅರುವತ್ತಮೂರು ಇದ್ದವು. ಹುಳು ಕೊರೆದ ಮೊಗ್ಗಿಗೆ ತೂತಿರುತ್ತದೆ, ಹಿಕ್ಕೆ ಇರುತ್ತದೆ, ಸುತ್ತಲಿನ ಹೊದಿಕೆ ಎಲೆಗಳು ಬಿರಿದುಕೊಂಡಿರುತ್ತವೆ. ಅಂಥವು ನಾಲ್ಕು ಮಾತ್ರ ಸಿಕ್ಕವು. ಉಳಿದ ಐವತ್ತೊಂಬತ್ತು ಮೊಗ್ಗುಗಳು ಯಾವ ಗಾಯವೂ ಇಲ್ಲದೆ ತೊಟ್ಟು ಕಳಚಿ ಬಿದ್ದಿದ್ದವು. ತಮ್ಮ ಬಹಳ ಹೊತ್ತು ಒಂದೊಂದನ್ನೇ ತಿರುವಿ ನೋಡಿದ. ಎರಡನೆಯ ಔಷಧಿಯನ್ನು ಅವನು ಹೊಡೆಯಲಿಲ್ಲ. ಈ ಒಂದು ಎಣಿಕೆಗೆ ಹಿಡಿದದ್ದು ಅರ್ಧ ಗಂಟೆ. ಹತ್ತಿ ಬೆಳೆಯುವ ಪ್ರತಿಯೊಬ್ಬರೂ ಮೊಗ್ಗು ಉದುರಿದಾಗ ಮೊದಲು ಇದನ್ನೇ ಮಾಡಬೇಕೆಂಬುದು ನನ್ನ ಕಳಕಳಿಯ ಮಾತು.

ಆ ದಿನವೇ ಅವನು ಕೇಳಿದ: ಈಗಲಾದರೂ ಎರಡನೆಯ ಗಿಡ ತೆಗೆಯಲೇ? ತೆಗೆಯಿರಿ ಎಂದೆ. ಹೇಗೆ ತೆಗೆಯಬೇಕೆಂದು ಹೇಳಲಿಲ್ಲ. ನನ್ನ ತಪ್ಪು ಇಲ್ಲಿದೆ. ಆಗಸ್ಟ್ 14ರಂದು, ಐವತ್ತೈದನೆಯ ದಿನ, ಆಳುಗಳು ಹೊಲದ ಕೆಳಗಿನ ಒಂದು ಎಕರೆಯಲ್ಲಿ ಗಿಡ ಕಿತ್ತರು. ಆ ವೇಳೆಗೆ ಜೋಡಿಯ ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು, ಮಣ್ಣು ಕೆಸರಾಗಿತ್ತು. ಒಂದನ್ನು ಎಳೆದಾಗ ಇನ್ನೊಂದರ ಬೇರೂ ಹರಿಯಿತು, ಉಳಿದ ಗಿಡ ವಾಲಿತು. ಎರಡು ದಿನಗಳಲ್ಲಿ ಅವುಗಳಲ್ಲಿದ್ದ ಮೊಗ್ಗುಗಳೂ ಉದುರಿದವು. ಸುದ್ದಿ ತಿಳಿದು ಮೂರನೆಯ ದಿನ ಹೋದೆ. ಪಕ್ಕದ ಅರ್ಧ ಎಕರೆ ಅದೇ ಮಟ್ಟದಲ್ಲಿತ್ತು, ಅಲ್ಲೂ ನೀರು ನಿಂತಿತ್ತು. ಅಲ್ಲಿ ಕೀಳುವುದನ್ನು ನಿಲ್ಲಿಸಿ ಕುಡುಗೋಲಿನಿಂದ ನೆಲಮಟ್ಟಕ್ಕೆ ಕೊಯ್ದೆವು. ಮೇಲಿನ ಒಂದು ಎಕರೆಯಲ್ಲಿ ಏನೂ ಮಾಡದೆ ಜೋಡಿಯನ್ನೇ ಬಿಡಲು ತಮ್ಮ ನಿರ್ಧರಿಸಿದ; ಇನ್ನು ಗಿಡ ಮುಟ್ಟುವುದಿಲ್ಲವೆಂದು ಅವನು ಹೇಳಿದಾಗ ಒತ್ತಾಯಿಸಲು ನನಗೆ ಮುಖವಿರಲಿಲ್ಲ. ಯಾರೂ ಬಯಸದೆ ಒಂದೇ ಹೊಲದಲ್ಲಿ ಮೂರು ತಾಕುಗಳಾದವು.

ಅಣ್ಣನ ಹೊಲದ ಸಂಕಟ

ಮೇಲಿನ ಹೊಲದಲ್ಲಿ ಎಲ್ಲವೂ ಸರಾಗವಾಗಿ ನಡೆಯಿತೆಂದು ಬರೆದರೆ ಸತ್ಯಕ್ಕೆ ಅಪಚಾರವಾಗುತ್ತದೆ.

ಅಣ್ಣ ಮೊದಲ ನೀರನ್ನು ಆಗಸ್ಟ್ 25ರ ಸುಮಾರಿಗೆ, ಮಘಾ ಮಳೆ ನಿಂತು ಹೂ ಬಿಡಲು ಶುರುವಾದಾಗ, ಸಾಲು ಬಿಟ್ಟು ಸಾಲಿಗೆ ಕೊಟ್ಟ. ಎರಡನೆಯದನ್ನು ಸೆಪ್ಟೆಂಬರ್ 12ರಂದು, ಮೊದಲ ಸಲ ನೀರು ಕೊಡದೆ ಬಿಟ್ಟಿದ್ದ ಸಾಲುಗಳಿಗೆ ಹಾಯಿಸಿದ. ಇಲ್ಲಿಯವರೆಗೆ ಬೆಳೆ ನಿರೀಕ್ಷೆಗಿಂತ ಚೆನ್ನಾಗಿತ್ತು. ಬೆಳಿಗ್ಗೆ ಬಿಳಿಯಾಗಿ ಅರಳಿದ ಹೂಗಳು ಮರುದಿನ ಗುಲಾಬಿಗೆ ತಿರುಗಿ ಕಾಯಿ ಕಟ್ಟುತ್ತಿದ್ದವು. ಆನಂತರ ಕಾಲುವೆ ಬಂದಾಯಿತು. ಉತ್ತರೆಯ ಮಳೆಯೂ ಬರಲಿಲ್ಲ. ಹತ್ತಿಗೆ ಅತಿ ಹೆಚ್ಚು ನೀರು ಬೇಕಾಗುವುದು ಹೂ ಬಿಟ್ಟು ಕಾಯಿ ಬಲಿಯುವ ಈ ಹೊತ್ತಿನಲ್ಲಿ. ಗಿಡಗಳು ಹಗಲಿಡೀ ಜೋತು, ಸಂಜೆಯೂ ನಿಗುರದಂತಾದವು. ಮೇಲಿನ ಎಳೆಗಾಯಿಗಳು ಉದುರಿದವು.

ಅಕ್ಟೋಬರ್ 1ರಂದು ತೂಬಿಗೆ ಮತ್ತೆ ನೀರು ಬಂದಾಗ, ಆಗಸ್ಟಿನಲ್ಲಿ ಅಷ್ಟು ತಾಳ್ಮೆ ತೋರಿದ್ದ ಅಣ್ಣನೇ ಮಟಮಟ ಮಧ್ಯಾಹ್ನ ಎಲ್ಲಾ ಸಾಲುಗಳಿಗೂ ತುಂಬ ನೀರು ಬಿಟ್ಟ. ಮರುದಿನ ಹೊಲದ ಅಲ್ಲಲ್ಲಿ, ಅದರಲ್ಲೂ ಕಾಯಿ ಹೆಚ್ಚು ಹೊತ್ತ ಗಿಡಗಳೇ, ಬಿಸಿನೀರು ಸುರಿದಂತೆ ಇದ್ದಕ್ಕಿದ್ದಂತೆ ಬಾಡಿದವು. ಬಹುದಿನ ಒಣಗಿದ್ದ ನೆಲಕ್ಕೆ ಬಿಸಿಲಿನಲ್ಲಿ ಒಮ್ಮೆಲೇ ನೀರು ತುಂಬಿದಾಗ ಬರುವ ಹಠಾತ್ ಬಾಡುವಿಕೆ ಇದು. ಶಿಲೀಂಧ್ರ ರೋಗವಲ್ಲ, ಹರಡುವುದಿಲ್ಲ. ಬೇರು ಒಂದೆಡೆ ಉಸಿರುಗಟ್ಟಿರುತ್ತದೆ, ಇನ್ನೊಂದೆಡೆ ಕಾಯಿ ತುಂಬಿದ ಗಿಡ ನೀರು ಬೇಡುತ್ತಿರುತ್ತದೆ. ಬಾಡಿದ ಕೆಲವೇ ಗಂಟೆಗಳಲ್ಲಿ ಲೀಟರಿಗೆ 10 ಮಿಲಿಗ್ರಾಂನಂತೆ ಕೋಬಾಲ್ಟ್ ಕ್ಲೋರೈಡ್ ಸಿಂಪಡಿಸಿದರೆ ಹೆಚ್ಚಿನ ಗಿಡ ಚೇತರಿಸಿಕೊಳ್ಳುತ್ತವೆ. ಆದರೆ ಊರಿನ ಅಂಗಡಿಯಲ್ಲಿ ಅದು ಸಿಗಲಿಲ್ಲ. ಇದ್ದದ್ದು ಇನ್ನೊಂದು ದಾರಿ: 10 ಲೀಟರ್ ನೀರಿಗೆ 25 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಮತ್ತು 200 ಗ್ರಾಂ ಯೂರಿಯಾ ಕರಗಿಸಿ ಬುಡಕ್ಕೆ ಹಾಕುವುದು. ಮೊದಲು ನೀರು ಬಸಿದು ಹೋಗಲು ಸಾಲು ಒಡೆದರು, ಆಮೇಲೆ ಸಂಜೆಯವರೆಗೆ ಬಿಂದಿಗೆ ಹಿಡಿದು ಗಿಡಗಿಡಕ್ಕೂ ದ್ರಾವಣ ಹಾಕಿದರು. ಅಂದು ಮಾಡಿದ ಗಿಡಗಳಲ್ಲಿ ಬಹುಪಾಲು ಚಿಗುರಿದವು. ಮರುದಿನಕ್ಕೆ ಉಳಿಸಿದ ಮೂಲೆಯ ಸುಮಾರು ಇನ್ನೂರು ಗಿಡಗಳು ಎಲೆ ಉದುರಿಸಿ ಅರೆಬಲಿತ ಕಾಯಿಗಳನ್ನು ಬಿರಿಸಿಕೊಂಡವು.

ಆ ನೀರನ್ನು ಸಂಜೆಯಿಂದ, ಸಾಲು ಬಿಟ್ಟು ಸಾಲಿಗೆ, ತೆಳುವಾಗಿ ಕೊಟ್ಟಿದ್ದರೆ ಈ ನಷ್ಟದ ಬಹುಭಾಗ ತಪ್ಪುತ್ತಿತ್ತು. ತಮ್ಮನ ಹೊಲದಲ್ಲಿ ಅದೇ ದಿನ ಅದೇ ನೀರು ಹರಿದರೂ ಒಂದು ಗಿಡವೂ ಹೀಗೆ ಬಾಡಲಿಲ್ಲ. ಅವನ ಗಿಡಗಳ ಮೇಲೆ ಅಷ್ಟು ಕಾಯಿಯ ಭಾರವೇ ಇರಲಿಲ್ಲ.

ಬಿಡಿಸಿದಾಗ ಸಿಕ್ಕ ಲೆಕ್ಕ

ಅಣ್ಣ ಮೊದಲ ಹತ್ತಿಯನ್ನು ನವೆಂಬರ್ ಮೊದಲ ವಾರದಲ್ಲಿ ಬಿಡಿಸಿದ. ಆಗ ಕಾಲುವೆಗೆ ನೀರಿತ್ತು, ಇನ್ನೊಂದು ನೀರು ಕೊಟ್ಟರೆ ಮೇಲೆ ಮತ್ತೊಂದು ಸುತ್ತು ಕಾಯಿ ಬರುತ್ತದೆಂದು ನೆರೆಯವರು ಹೇಳಿದರು. ಅವನು ಕೊಡಲಿಲ್ಲ. ಡಿಸೆಂಬರ್ ಕೊನೆಗೆ ಮೂರು ಬಿಡಿಸುವಿಕೆ ಮುಗಿಸಿ ಕಟ್ಟಿಗೆ ಕಿತ್ತ. ಎರಡೂವರೆ ಎಕರೆಗೆ ಮೂವತ್ತೊಂದು ಕ್ವಿಂಟಲ್ ಬಂತು.

ತಮ್ಮನ ಗಿಡಗಳು ಆಗಸ್ಟಿನಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಅಕ್ಟೋಬರಿನಲ್ಲಿ ಹೊಸದಾಗಿ ಹೂ ಬಿಟ್ಟವು. ಅವುಗಳನ್ನು ಬಲಿಸಲು ಅವನು ನವೆಂಬರಿನಲ್ಲೂ ನೀರು ಕೊಟ್ಟ, ಬೆಳೆ ಜನವರಿ ಕೊನೆಯವರೆಗೆ ನಿಂತಿತು. ಗುಲಾಬಿ ಕಾಯಿಕೊರಕ ಹೆಚ್ಚಾಗುವುದು ಆ ತಿಂಗಳುಗಳಲ್ಲೇ. ಕೊನೆಯ ಬಿಡಿಸುವಿಕೆಯ ಹತ್ತಿ ಕಲೆಬಿದ್ದು, ತೊಳೆ ಪೂರ್ತಿ ಬಿಚ್ಚದೆ, ಕಡಿಮೆ ದರಕ್ಕೆ ಹೋಯಿತು. ಮೂರು ತಾಕುಗಳನ್ನು ಬೇರೆ ಬೇರೆ ತೂಗಿದ್ದೆವು. ತಡವಾಗಿ ಕಿತ್ತ ಒಂದು ಎಕರೆಯಲ್ಲಿ ಆರೂವರೆ ಕ್ವಿಂಟಲ್, ಕುಡುಗೋಲಿನಿಂದ ಕೊಯ್ದ ಅರ್ಧ ಎಕರೆಯಲ್ಲಿ ನಾಲ್ಕೂಕಾಲು, ಜೋಡಿಯನ್ನೇ ಬಿಟ್ಟ ಎಕರೆಯಲ್ಲಿ ಎಂಟೂಮುಕ್ಕಾಲು. ಒಟ್ಟು ಹತ್ತೊಂಬತ್ತೂವರೆ.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಇದು ಪ್ರಯೋಗವಲ್ಲ, ಒಂದು ಹೊಲದ ಒಂದು ಹಂಗಾಮು. ಜೋಡಿ ಉಳಿದ ಎಕರೆ ಮೇಲಿನ ಇಳಿಜಾರಿನಲ್ಲಿತ್ತು, ಅಲ್ಲಿ ನೀರು ನಿಂತಿರಲಿಲ್ಲ. ಆದ್ದರಿಂದ ಜೋಡಿಯೇ ಲೇಸು ಎಂದು ಇದರಿಂದ ಹೇಳಲಾಗದು. ಅಣ್ಣ ತಮ್ಮಂದಿರ ನಡುವಿನ ಅಂತರದಲ್ಲಿ ಸಸಿ ಕಿತ್ತದ್ದೆಷ್ಟು, ನೀರು ನಿಂತದ್ದೆಷ್ಟು ಎಂದು ಬೇರ್ಪಡಿಸುವುದೂ ಕಷ್ಟ. ನನಗೆ ಹೆಚ್ಚು ನಂಬಿಕೆ ಬರುವುದು ಒಂದೇ ಮಟ್ಟದಲ್ಲಿದ್ದು ಒಂದೇ ನೀರಿನಲ್ಲಿ ನಿಂತ ಎರಡು ತಾಕುಗಳ ಹೋಲಿಕೆಯಲ್ಲಿ: ಕೊಯ್ದಲ್ಲಿ ಎಕರೆಗೆ ಎಂಟೂವರೆಯ ಲೆಕ್ಕ, ಕಿತ್ತಲ್ಲಿ ಆರೂವರೆ. ಆ ಎರಡು ಕ್ವಿಂಟಲ್‌ಗೆ ನಾನು ಹೇಳದೆ ಬಿಟ್ಟ ಒಂದು ವಾಕ್ಯವೇ ಕಾರಣವೆಂದು ಭಾವಿಸುತ್ತೇನೆ.

ಇನ್ನೊಂದು ಲೆಕ್ಕವನ್ನು ತಮ್ಮನೇ ಹಾಕಿದ. ಮೊಗ್ಗು ಮೂಡಿ ಹೂವಾಗಲು ಸುಮಾರು ಮೂರು ವಾರ, ಹೂ ಕಾಯಾಗಿ ಬಿರಿಯಲು ನಲವತ್ತೈದು ಐವತ್ತು ದಿನ ಬೇಕೆಂದು ನಾನು ಹೇಳಿದಾಗ ಅವನು ಬೆರಳು ಮಡಿಚಿ ಹಿಂದಕ್ಕೆ ಎಣಿಸಿದ. ಅಣ್ಣ ದೀಪಾವಳಿಯ ಆಸುಪಾಸಿಗೆ ಬಿಡಿಸಿದ ಹತ್ತಿ ಆಗಸ್ಟ್ ತಿಂಗಳ ಮೊಗ್ಗು. ‘ಹಂಗಾರ ಅವತ್ತು ಟವೆಲ್ ಮ್ಯಾಲ ಹಾಕಿದ್ದು ನನ್ನ ಮೊದಲ್ನೇ ಹತ್ತೀನ ಅಲ್ರೀ’ ಎಂದ.

ಮುಂದಿನ ಹಂಗಾಮು

ಮರುವರ್ಷ ತಮ್ಮ ಗುಣಿಗೆ ಒಂದೇ ಬೀಜ ಊರಿದ. ಹುಸಿ ಹೋಗುವ ಭಯಕ್ಕೆ ಉತ್ತರವಾಗಿ, ಬಿತ್ತಿದ ದಿನವೇ ಇನ್ನೂರೈವತ್ತು ಕಾಗದದ ಲೋಟಗಳಲ್ಲಿ ಮಣ್ಣು ಗೊಬ್ಬರ ತುಂಬಿ ಬೀಜ ಹಾಕಿ ಮನೆಯ ಹಿತ್ತಲಲ್ಲಿಟ್ಟ. ಹೊಲದಲ್ಲಿ ಖಾಲಿ ಕಂಡ ಗುಣಿಗಳಿಗೆ ಹದಿನೈದನೆಯ ದಿನ ಅದೇ ವಯಸ್ಸಿನ ಸಸಿ ಸಿಕ್ಕಿತು. ಕೀಳುವ ಪ್ರಶ್ನೆಯೇ ಉಳಿಯಲಿಲ್ಲ, ಎಕರೆಗೆ ಒಂದು ಪ್ಯಾಕೆಟ್ಟಿಗಿಂತ ಸ್ವಲ್ಪ ಹೆಚ್ಚು ಬೀಜ ಸಾಕಾಯಿತು. ಉಳಿದ ರೊಕ್ಕದಲ್ಲಿ ಇಬ್ಬರೂ ಸೇರಿ ಅಣ್ಣನ ಬಸಿಗಾಲುವೆಯನ್ನು ಕೆಳಗಿನ ಹೊಲದ ಬದಿಯಿಂದ ಹಳ್ಳದವರೆಗೆ ಉದ್ದ ಮಾಡಿದರು, ಏಕೆಂದರೆ ಹಿಂದಿನ ವರ್ಷ ಮೇಲಿನ ಹೊಲದಿಂದ ಬಸಿದ ನೀರು ತಮ್ಮನ ಕೆಳಗಿನ ಎಕರೆಗೇ ಬಂದು ನಿಂತಿತ್ತೆಂಬುದು ಬೇಸಿಗೆಯಲ್ಲಿ ಹೊಲ ಒಣಗಿದ ಮೇಲೆ ಇಬ್ಬರಿಗೂ ಕಂಡಿತ್ತು.

ಅಣ್ಣ ಮಾತ್ರ ಎರಡು ಬೀಜದ ಪದ್ಧತಿಯನ್ನೇ ಇಟ್ಟುಕೊಂಡ. ಜುಲೈನಲ್ಲಿ ನಾನು ಹೋದಾಗ ಅವನ ಹೆಂಡತಿ ಹದಿನೆಂಟನೆಯ ದಿನದ ಸಸಿಗಳನ್ನು ಚಿವುಟುತ್ತಿದ್ದಳು. ಬದುವಿನ ಪಕ್ಕದ ನಾಲ್ಕು ಸಾಲುಗಳನ್ನು ಮುಟ್ಟದೆ ಬಿಟ್ಟಿದ್ದರು: ಎರಡರಲ್ಲಿ ಜೋಡಿ ಹಾಗೆಯೇ ಇರುತ್ತದೆ, ಎರಡರಲ್ಲಿ ಐವತ್ತೈದನೆಯ ದಿನ ಕುಡುಗೋಲು ಹಾಕುತ್ತಾರೆ, ನಾಲ್ಕೂ ಸಾಲುಗಳ ಹತ್ತಿಯನ್ನು ಬೇರೆ ಚೀಲಗಳಲ್ಲಿ ತೂಗುತ್ತಾರೆ. ಸಾಲುಗಳ ತುದಿಗೆ ತೊಗರಿ ಕಟ್ಟಿಗೆ ನೆಟ್ಟು ಕೆಂಪು ಅರಿವೆ ಕಟ್ಟಿದ್ದರು.